ಸೂಟಿ ಇಲ್ಲದೆ ಸತತ ಎಷ್ಟು ದಿನ ದುಡಿಸಬಹುದು?

ದೀಪಾವಳಿ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ಜವಳಿ ಸಾಲಿನ ಅಂಗಡಿಗಳಲ್ಲಿ ಕೆಲಸಕ್ಕಿರುವವರಿಗೆ ರವಿವಾರವೂ ಒಂದೇ, ಸೋಮವಾರವೂ ಒಂದೇ. ತಾರಿಹಾಳದ ಫ್ಯಾಕ್ಟರಿಗಳಲ್ಲಿ ಅರ್ಜಂಟ್ ಆರ್ಡರ್ ಇದ್ದಾಗ ಸೂಪರ್‌ವೈಸರ್ ಹೇಳುವ ಮಾತು ಎಲ್ಲರಿಗೂ ಗೊತ್ತು: "ಈ ರವಿವಾರ ಬಂದ್ಬಿಡ್ರಿ, ಮುಂದಿನ ವಾರ ಸೂಟಿ ತಗೊಳ್ರಂತ." ಮುಂದಿನ ವಾರವೂ ಅದೇ ಮಾತು ಬರುತ್ತದೆ. ಹೀಗೆ ಹತ್ತು ದಿನ, ಹನ್ನೆರಡು ದಿನ, ಕೆಲವೊಮ್ಮೆ ತಿಂಗಳಿಡೀ ಕೆಲಸ ನಡೆದುಹೋಗುತ್ತದೆ. ಇದಕ್ಕೆ ಕಾನೂನಿನಲ್ಲಿ ಒಂದು ಮಿತಿ ಅಂತ ಇಲ್ವಾ?

ಇದೆ. ಆದರೆ ಒಂದೇ ಅಂಕಿ ಹೇಳಿ ಮುಗಿಸುವ ಹಾಗಿಲ್ಲ. ನೀವು ಫ್ಯಾಕ್ಟರಿಯಲ್ಲಿದ್ದೀರೋ, ಅಂಗಡಿಯಲ್ಲಿದ್ದೀರೋ, ಬಸ್ಸಿನಲ್ಲೋ, ರೈಲಿನಲ್ಲೋ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ದುಡಿಯುವವರು ದಿನ ಎಣಿಸುತ್ತಾರೆ, ಕಾನೂನು ವಾರ ಎಣಿಸುತ್ತದೆ. ಸೂಟಿ ಕೈತಪ್ಪುವುದು ಹೆಚ್ಚಾಗಿ ಈ ಎರಡು ಲೆಕ್ಕಗಳ ನಡುವೆಯೇ.

ವಾರಕ್ಕೆ ಆರು, ಸತತವಾಗಿ ಹನ್ನೆರಡು

ಹೊಸ ಕಾನೂನಿನಿಂದಲೇ ಶುರು ಮಾಡೋಣ. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅದರಲ್ಲಿ ಒಂದು, ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗೆ ಸಂಬಂಧಿಸಿದ 2020ರ ಸಂಹಿತೆ. ಪೂರ್ತಿ ಹೆಸರು ಉದ್ದವಿದೆ, ಇಲ್ಲಿ ಸುರಕ್ಷತಾ ಸಂಹಿತೆ ಅಂತ ಕರೆಯೋಣ. 1948ರ ಕಾರ್ಖಾನೆಗಳ ಕಾಯ್ದೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸೇರಿ ಹದಿಮೂರು ಹಳೆಯ ಕಾಯ್ದೆಗಳ ಜಾಗಕ್ಕೆ ಇದು ಬಂದಿದೆ. ಹಳೆಯದರಿಂದ ಹೊಸದಕ್ಕೆ ದಾಟುವ ಈ ಅವಧಿಯಲ್ಲಿ ಹಳೆಯ ಕಾಯ್ದೆ, ನಿಯಮಗಳ ಸಂಬಂಧಪಟ್ಟ ಭಾಗಗಳು ಚಾಲ್ತಿಯಲ್ಲಿರುತ್ತವೆ ಎಂದು ಸರಕಾರ ಹೇಳಿದೆ. ಹಾಗಾಗಿ ಎರಡನ್ನೂ ತಿಳಿದುಕೊಂಡಿರುವುದು ಒಳ್ಳೆಯದು.

ಸಂಹಿತೆಯ ಸೆಕ್ಷನ್ 26 ಹೇಳುವುದು ಇಷ್ಟು: ಯಾವ ಕಾರ್ಮಿಕರನ್ನೂ ಒಂದು ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ಕೆಲಸ ಮಾಡಲು ಬಿಡುವಂತಿಲ್ಲ. ಕೇಳಲು ಸ್ಪಷ್ಟವಾಗಿದೆ. ಆದರೆ ವಾರ ಅಂದರೆ ಶನಿವಾರ ನಡುರಾತ್ರಿಯಿಂದ ಶುರುವಾಗುವ ಏಳು ದಿನ. ಈಗ ಗೋಡೆಯ ಕ್ಯಾಲೆಂಡರ್ ನೋಡಿ. ಮೊದಲ ವಾರದಲ್ಲಿ ನಿಮಗೆ ರವಿವಾರ ಸೂಟಿ ಕೊಟ್ಟರು. ಸೋಮವಾರದಿಂದ ಶನಿವಾರದ ತನಕ ಆರು ದಿನ ದುಡಿದಿರಿ. ಎರಡನೇ ವಾರದಲ್ಲಿ ಸೂಟಿ ಶನಿವಾರಕ್ಕೆ ಹೋಯಿತು. ಅಂದರೆ ರವಿವಾರದಿಂದ ಶುಕ್ರವಾರದ ತನಕ ಮತ್ತೆ ಆರು ದಿನ. ಎರಡೂ ವಾರಗಳಲ್ಲಿ ಆರಾರು ದಿನವೇ ಕೆಲಸ, ಒಂದೊಂದು ಸೂಟಿ. ಕಾಗದದಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ನಡುವೆ ಸತತ 12 ದಿನ ನೀವು ಕೆಲಸದಲ್ಲಿದ್ದಿರಿ.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. 2017ರಲ್ಲಿ ಎರಡು ಕಡೆ ದೊಡ್ಡ ಕೋರ್ಟುಗಳ ಮುಂದೆ ಇದೇ ಲೆಕ್ಕ ಬಂತು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ವಾರದ ಸೂಟಿಯನ್ನು ಆಯಾ ಕೆಲಸದ ವಾರಕ್ಕೆ ಲೆಕ್ಕ ಹಾಕಬೇಕೇ ಹೊರತು ಯಾವುದೇ ಏಳು ದಿನಕ್ಕಲ್ಲ ಎಂದಿತು. ನವೆಂಬರ್‌ನಲ್ಲಿ ಪೋರ್ಚುಗಲ್‌ನ ಕ್ಯಾಸಿನೊ ಕೆಲಸಗಾರರೊಬ್ಬರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಏಳು ದಿನದ ಅವಧಿಯೊಳಗೆ ಯಾವಾಗ ಬೇಕಾದರೂ ಸೂಟಿ ಕೊಡಬಹುದು, ಆರು ದಿನ ಆದ ಕೂಡಲೇ ಕೊಡಬೇಕೆಂದೇನಿಲ್ಲ. ಎರಡೂ ತೀರ್ಪುಗಳ ಪ್ರಕಾರ 12 ದಿನದ ಸರಣಿ ತಾನಾಗಿಯೇ ಅಪರಾಧವಾಗುವುದಿಲ್ಲ.

ನಮ್ಮ ಹಳೆಯ ಕಾರ್ಖಾನೆಗಳ ಕಾಯ್ದೆ ಈ ವಿಷಯದಲ್ಲಿ ಜಾಣತನ ತೋರಿಸಿತ್ತು. ಅದರ ಸೆಕ್ಷನ್ 52 ಪ್ರಕಾರ ರವಿವಾರವೇ ಸೂಟಿ. ರವಿವಾರ ಕೆಲಸ ಬೇಕಿದ್ದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಪೂರ್ತಿ ಒಂದು ದಿನ ಬದಲಿ ಸೂಟಿ ಕೊಡಬೇಕು. ಮ್ಯಾನೇಜರ್ ಅದನ್ನು ಮೊದಲೇ ಬರೆದು ಇನ್‌ಸ್ಪೆಕ್ಟರ್ ಕಚೇರಿಗೆ ಕೊಡಬೇಕು, ಫ್ಯಾಕ್ಟರಿಯ ಬೋರ್ಡಿಗೂ ಹಚ್ಚಬೇಕು. ಲೆಕ್ಕ ಹಾಕಿ: ಕಳೆದ ರವಿವಾರ ಸೂಟಿ, ಈ ರವಿವಾರ ಕೆಲಸ, ಬದಲಿ ಸೂಟಿ ಬುಧವಾರ. ನಡುವೆ ಒಂಬತ್ತು ದಿನ. ಆದರೆ ಎರಡು ರವಿವಾರಗಳನ್ನು ಸಾಲಾಗಿ ಬದಲಿಸಿದರೆ? ಮೊದಲನೆಯದಕ್ಕೆ ಹಿಂದಿನ ಗುರುವಾರ ಸೂಟಿ, ಎರಡನೆಯದಕ್ಕೆ ಮುಂದಿನ ಬುಧವಾರ ಸೂಟಿ ಅಂತ ಮಾಡಿದರೆ ಮತ್ತೆ 12 ದಿನ ಆಗಿಬಿಡುತ್ತದೆ. ಇದನ್ನು ತಡೆಯಲೆಂದೇ ಆ ಸೆಕ್ಷನ್ನಿನಲ್ಲೇ ಒಂದು ಗೂಟ ಬಡಿದಿದ್ದರು. ಸೂಟಿಯನ್ನು ಹೇಗೇ ಅದಲುಬದಲು ಮಾಡಿದರೂ ಯಾರೂ ಸತತ ಹತ್ತು ದಿನಕ್ಕಿಂತ ಹೆಚ್ಚು ದುಡಿಯುವಂತೆ ಆಗಬಾರದು.

ಹೊಸ ಸಂಹಿತೆಯ ಸೆಕ್ಷನ್ 26ರಲ್ಲಿ ಈ ಹತ್ತು ದಿನದ ಮಾತು ಉಳಿದಿರುವುದು ಮೋಟಾರು ಸಾರಿಗೆಯವರಿಗೆ ಮಾತ್ರ. ಉಳಿದವರಿಗೆ ಆ ಸೆಕ್ಷನ್ನಿನಲ್ಲಿ ವಾರಕ್ಕೆ ಆರು ದಿನ ಅನ್ನುವಷ್ಟೇ ಇದೆ. ನನ್ನ ಕೇಳಿದರೆ ಇದು ತೆಗೆಯಬಾರದಿದ್ದ ಸಾಲು. ಕೇಂದ್ರದ 1950ರ ಕನಿಷ್ಠ ವೇತನ ನಿಯಮಗಳಲ್ಲೂ ಇದೇ ಹತ್ತು ದಿನದ ಮಿತಿ ಇತ್ತು. ಅಂದರೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಈ ದೇಶದ ಕಾನೂನಿಗೆ ಹತ್ತು ಅನ್ನುವ ಅಂಕಿ ಪರಿಚಿತವಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1921ರ ಒಪ್ಪಂದವನ್ನು ಭಾರತ 1923ರಲ್ಲೇ ಒಪ್ಪಿಕೊಂಡಿದೆ. ಉದ್ಯಮಗಳಲ್ಲಿ ದುಡಿಯುವವರಿಗೆ ಪ್ರತಿ ಏಳು ದಿನದ ಅವಧಿಯಲ್ಲಿ ಕನಿಷ್ಠ 24 ಗಂಟೆ ಸತತ ವಿಶ್ರಾಂತಿ ಇರಬೇಕು ಎಂಬುದು ಅದರ ತಿರುಳು.

"ನಾನೇ ಒಪ್ಪಿದ್ದೀನಿ" ಅಂದರೆ ನಡೆಯುತ್ತಾ?

ನಡೆಯುವುದಿಲ್ಲ. ಹಳೆಯ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ಜವಾಬ್ದಾರಿ ಮಾಲಕರ ಮೇಲಿದೆ. ಒತ್ತಾಯ ಮಾಡಿ ಕರೆಯುವುದು ತಪ್ಪು, ತಾವಾಗಿಯೇ ಬಂದವರನ್ನು ಒಳಗೆ ಬಿಟ್ಟು ಕೆಲಸ ಮಾಡಿಸುವುದೂ ತಪ್ಪು. ಓವರ್‌ಟೈಮ್ ಬೇರೆ ವಿಷಯ. ಅದಕ್ಕೆ ಕಾರ್ಮಿಕರ ಒಪ್ಪಿಗೆ ಬೇಕು, ಒಪ್ಪಿದರೆ ಮಾಡಬಹುದು. ಆದರೆ ವಾರದ ಸೂಟಿಯನ್ನು ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ. ಸರಕಾರ ಯಾವುದಾದರೂ ಕೆಲಸಕ್ಕೆ ವಿನಾಯಿತಿ ಕೊಟ್ಟರೆ ಮಾತ್ರ ಸೂಟಿ ಮುಂದೆ ಹೋಗಬಹುದು. ಆಗಲೂ ತಪ್ಪಿಹೋದಷ್ಟೇ ಸೂಟಿಗಳನ್ನು ಅದೇ ತಿಂಗಳಲ್ಲಿ ಅಥವಾ ಮುಂದಿನ ಎರಡು ತಿಂಗಳೊಳಗೆ ವಾಪಸ್ ಕೊಡಲೇಬೇಕು.

ರಾತ್ರಿ ಪಾಳಿಯವರಿಗೆ ಆಗುವ ಮೋಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶನಿವಾರ ರಾತ್ರಿ 10ಕ್ಕೆ ಒಳಗೆ ಹೋಗಿ ರವಿವಾರ ಬೆಳಿಗ್ಗೆ 6ಕ್ಕೆ ಹೊರಗೆ ಬರುತ್ತೀರಿ. ಅದೇ ರಾತ್ರಿ 10ಕ್ಕೆ ಮತ್ತೆ ಪಾಳಿ. ಕೇಳಿದರೆ "ಹಗಲೆಲ್ಲಾ ಮನ್ಯಾಗ ಇದ್ರಲ್ಲಾ" ಎನ್ನುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲ. ನಡುರಾತ್ರಿ ದಾಟುವ ಪಾಳಿಯವರಿಗೆ ಒಂದು ದಿನದ ಸೂಟಿ ಎಂದರೆ ಪಾಳಿ ಮುಗಿದ ಹೊತ್ತಿನಿಂದ ಪೂರ್ತಿ 24 ಗಂಟೆ. ಈ ಉದಾಹರಣೆಯಲ್ಲಿ ಸೋಮವಾರ ಬೆಳಿಗ್ಗೆ 6ರ ತನಕ ನಿಮ್ಮನ್ನು ಕರೆಯುವ ಹಾಗಿಲ್ಲ.

ಗೋಕುಲ ರಸ್ತೆಯ ಸಣ್ಣ ಘಟಕಗಳವರು ಇನ್ನೊಂದು ಬದಲಾವಣೆ ಗಮನಿಸಬೇಕು. ಹಿಂದೆ ಕರೆಂಟ್ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ. ಈಗ ಆ ಸಂಖ್ಯೆ 20 ಆಗಿದೆ, ಕರೆಂಟ್ ಇಲ್ಲದಿದ್ದರೆ 40. "ನಮ್ಮದು ಈಗ ಫ್ಯಾಕ್ಟರಿನೇ ಅಲ್ಲ, ಸೂಟಿ ನಿಯಮ ನಮಗಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೆಕ್ಷನ್ 26 ಬರೀ ಕಾರ್ಖಾನೆಗೆ ಮಾತ್ರ ಇಲ್ಲ, 10 ಅಥವಾ ಹೆಚ್ಚು ಕೆಲಸಗಾರರಿರುವ ಯಾವುದೇ ಸಂಸ್ಥೆಗೆ ಅನ್ವಯಿಸುತ್ತದೆ.

ಅಂಗಡಿ, ಖಾನಾವಳಿ, ಕಂಪ್ಯೂಟರ್ ಕಂಪನಿ

ಅಂಗಡಿಯವರಿಗೆ ಬೇರೆ ಕಾಯ್ದೆ: 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಇದು ರಾಜ್ಯದ್ದು, ಕೇಂದ್ರದ ಸಂಹಿತೆಗಳಲ್ಲಿ ಕರಗಿಲ್ಲ. ಧಾರವಾಡದ ಪೇಡೆ ಅಂಗಡಿ, ಗದಗದ ಖಾನಾವಳಿ, ರಾಣೆಬೆನ್ನೂರಿನ ಬೀಜದ ಅಂಗಡಿ, ಹುಬ್ಬಳ್ಳಿಯ ಸಾಫ್ಟ್‌ವೇರ್ ಆಫೀಸು ಎಲ್ಲವೂ ಇದರಡಿಯಲ್ಲೇ ಬರುತ್ತವೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೆ ಪೂರ್ತಿ ಒಂದು ದಿನ ಸೂಟಿ. ಅಂಗಡಿಗೆ ಒಂದು ದಿನ ಬಂದ್ ಅಂತ ಗೊತ್ತು ಮಾಡಿಟ್ಟ ಕಡೆ ಕೆಲಸಗಾರರಿಗೆ ಆರು ದಿನ ದುಡಿದ ಮೇಲೆ ತಾನಾಗಿಯೇ ಸೂಟಿ ಸಿಗುತ್ತದೆ. ತೊಂದರೆ ಶುರುವಾಗುವುದು ವಾರದ ಏಳೂ ದಿನ ತೆರೆದಿರುವ ಮಳಿಗೆಗಳಲ್ಲಿ.

2021ರ ಜನವರಿಯಲ್ಲಿ ರಾಜ್ಯ ಸರಕಾರ 10 ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳಿಗೆ ವರ್ಷದ ಎಲ್ಲಾ ದಿನ, ದಿನದ 24 ಗಂಟೆ ತೆರೆದಿರಲು ಮೂರು ವರ್ಷದ ಮಟ್ಟಿಗೆ ಅನುಮತಿ ಕೊಟ್ಟಿತು. ಎಷ್ಟೋ ಮಾಲಕರಿಗೆ ನೆನಪಿರುವುದು ಇಷ್ಟು ಮಾತ್ರ. ಅದೇ ಆದೇಶದಲ್ಲಿ ಒಂದು ಷರತ್ತೂ ಇತ್ತು. ಪ್ರತಿ ಕೆಲಸಗಾರರಿಗೂ ಸರದಿಯ ಮೇಲೆ ವಾರಕ್ಕೊಂದು ಸೂಟಿ ಕೊಡಬೇಕು, ಆ ದಿನ ಯಾರಿಗೆ ಸೂಟಿ ಎಂಬ ಪಟ್ಟಿಯನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಬೇಕು. ಅಂದರೆ ಬಾಗಿಲಿಗೆ ಸೂಟಿ ಇಲ್ಲ, ಜನರಿಗೆ ಇದೆ. ಮುಂದಿನ ಸಲ ಯಾವುದಾದರೂ ದೊಡ್ಡ ಮಳಿಗೆಗೆ ಹೋದಾಗ ಆ ಪಟ್ಟಿ ಎಲ್ಲಿದೆ ಅಂತ ಸುಮ್ನೆ ಹುಡುಕಿ ನೋಡಿ.

ರವಿವಾರದ ಸೂಟಿಗೆ ನಮ್ಮ ಭಾಗದಲ್ಲಿ ಒಂದು ಹಳೆಯ ನಂಟಿದೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು, ಗದಗ, ಹಾವೇರಿ ಎರಡೂ ಅದರೊಳಗೇ ಇದ್ದವು. ಮುಂಬಯಿಯ ಗಿರಣಿ ಕಾರ್ಮಿಕರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲೇ ವಾರದ ಸೂಟಿ ಕೇಳಿದ್ದರು. ಗಿರಣಿ ಮಾಲಕರು ಒಪ್ಪಿದ್ದು 1890ರ ಜೂನ್ 10ರಂದು. ಮರುವರ್ಷ, 1891ರಲ್ಲಿ ಕಾರ್ಖಾನೆ ಕಾಯ್ದೆಯೂ ವಾರದ ಸೂಟಿಯನ್ನು ಸೇರಿಸಿಕೊಂಡಿತು.

ಬಸ್ಸು ಮತ್ತು ರೈಲು

ಬಸ್ಸಿನವರದ್ದು ಮೇಲೆ ಬಂತು. ಸೇವೆ ತಪ್ಪದಿರಲು ಸೂಟಿಯ ದಿನವೂ ಡ್ರೈವರ್, ಕಂಡಕ್ಟರ್‌ಗಳನ್ನು ಕರೆಯಬಹುದು, ಆದರೆ ಸತತ ಹತ್ತು ದಿನ ಮೀರುವಂತಿಲ್ಲ. ರೈಲ್ವೆಯದ್ದು ಪೂರ್ತಿ ಬೇರೆ ದಾರಿ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇರುವ ಊರು, ಪ್ರತಿ ಓಣಿಯಲ್ಲೂ ಒಂದು ರೈಲ್ವೆ ಮನೆತನ ಸಿಗುತ್ತದೆ. ಹಾಗಾಗಿ ಇದನ್ನು ಬಿಡುವಂತಿಲ್ಲ. 1989ರ ರೈಲ್ವೆ ಕಾಯ್ದೆಯ ಸೆಕ್ಷನ್ 133 ವಿಶ್ರಾಂತಿಯನ್ನು ಗಂಟೆಯಲ್ಲಿ ಅಳೆಯುತ್ತದೆ. ಸಾಮಾನ್ಯವಾಗಿ ನಿರಂತರ ಕೆಲಸದವರಿಗೆ ವಾರಕ್ಕೆ ಸತತ 30 ಗಂಟೆ. ನಡುನಡುವೆ ಬಿಡುವು ಇರುವ ಕೆಲಸದವರಿಗೆ ಒಂದು ಪೂರ್ತಿ ರಾತ್ರಿ ಸೇರಿ 24 ಗಂಟೆ. ಗಾಡಿಯ ಮೇಲೆ ಹೋಗುವ ಲೋಕೋ ಪೈಲಟ್, ಗಾರ್ಡ್‌ಗಳಿಗೆ ತಿಂಗಳಿಗೆ ಕನಿಷ್ಠ ನಾಲ್ಕು ಸಲ 30 ಗಂಟೆ ಅಥವಾ ಐದು ಸಲ 22 ಗಂಟೆ. ತಿಂಗಳ ಲೆಕ್ಕ ಆದ್ದರಿಂದ ಈ ವಿಶ್ರಾಂತಿಗಳು ಹತ್ತಿರ ಹತ್ತಿರ ಬರಬಹುದು, ದೂರ ದೂರವೂ ಆಗಬಹುದು.

26ರ ಲೆಕ್ಕ, 30ರ ಲೆಕ್ಕ

ಇಷ್ಟೆಲ್ಲ ಕಾನೂನಿದ್ದರೂ ಜನ ಯಾಕೆ ಸೂಟಿ ಕೇಳುವುದಿಲ್ಲ? ನನಗೆ ಕಂಡಂತೆ ಹೆದರಿಕೆಗಿಂತ ಪಗಾರದ ಲೆಕ್ಕವೇ ಇದಕ್ಕೆ ದೊಡ್ಡ ಕಾರಣ. ಅಪಾರ್ಟ್‌ಮೆಂಟ್ ಗೇಟಿನಲ್ಲೋ ಎಟಿಎಂ ಬಾಗಿಲಲ್ಲೋ ಕೂತಿರುವ ಸೆಕ್ಯುರಿಟಿಯವರನ್ನು ಮಾತಾಡಿಸಿ. "ಈ ತಿಂಗಳು ಎಷ್ಟು ಡ್ಯೂಟಿ ಆತ್ರಿ?" ಅಂದರೆ ಮೂವತ್ತು ಅನ್ನುತ್ತಾರೆ. ಸೂಟಿ ಯಾಕೆ ತಗೊಳ್ಳಲಿಲ್ಲ ಅಂದರೆ, ಸೂಟಿ ಮಾಡಿದರೆ ಆ ದಿನದ ಪಗಾರ ಕಟ್ ಆಗುತ್ತದೆ ಅನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಒಂದರಿಂದ ಮೂವತ್ತರ ತನಕ ಸಾಲಾಗಿ ಒಂದೇ ಗುರುತು. ಎಲ್ಲೂ ವಾರದ ಸೂಟಿಯ ಖಾನೆಯೇ ಕಾಣುವುದಿಲ್ಲ.

ಲೆಕ್ಕ ಸುಲಭವಾಗಲಿ ಅಂತ ತಿಂಗಳಿಗೆ 15,600 ರೂಪಾಯಿ ಪಗಾರ ಎಂದುಕೊಳ್ಳಿ. ಇದು ಉದಾಹರಣೆಗಷ್ಟೇ ಹಿಡಿದ ಅಂಕಿ, ಸರಕಾರ ನಿಗದಿ ಮಾಡಿದ ಕನಿಷ್ಠ ವೇತನ ಅಂತಲ್ಲ. ಗುತ್ತಿಗೆದಾರ ಇದನ್ನು 30ರಿಂದ ಭಾಗಿಸುತ್ತಾನೆ. ದಿನಕ್ಕೆ 520 ಬಂತು. ಮೂವತ್ತು ಡ್ಯೂಟಿ ಮಾಡಿದರೆ 15,600. ಒಂದು ದಿನ ತಪ್ಪಿದರೆ 520 ಕಡಿಮೆ. ನೋಡಲು ನ್ಯಾಯವಾಗಿಯೇ ಇದೆ, ಅಲ್ವಾ?

ಆದರೆ ಕನಿಷ್ಠ ವೇತನದ ತಿಂಗಳ ಮೊತ್ತವನ್ನು ದಿನಕ್ಕೆ ಇಳಿಸುವಾಗ ಭಾಗಿಸಬೇಕಾದದ್ದು 26ರಿಂದ. ತಿಂಗಳಲ್ಲಿ ನಾಲ್ಕು ದಿನ ವಾರದ ಸೂಟಿ, ಉಳಿದ 26 ದಿನ ಕೆಲಸ, ಸೂಟಿಯ ಪಗಾರ ತಿಂಗಳ ಮೊತ್ತದಲ್ಲೇ ಸೇರಿದೆ ಎಂಬುದು ಇದರ ಹಿಂದಿನ ಲೆಕ್ಕ. ಹಾಗೆ ನೋಡಿದರೆ ದಿನಕ್ಕೆ 600 ರೂಪಾಯಿ. 26 ದಿನ ಕೆಲಸ ಮಾಡಿ ನಾಲ್ಕು ದಿನ ಮನೆಯಲ್ಲಿದ್ದವರಿಗೇ 15,600 ಬರಬೇಕು. ಉಳಿದ ನಾಲ್ಕು ದಿನವೂ ಎಂಟೆಂಟು ಗಂಟೆ ದುಡಿಸಿಕೊಂಡರೆ ಆ ಗಂಟೆಗಳು ವಾರದ 48 ಗಂಟೆಯ ಮೇಲಿನ ಕೆಲಸವಾಗುತ್ತವೆ. ಅದಕ್ಕೆ ದರ ದುಪ್ಪಟ್ಟು. ದಿನಕ್ಕೆ 1,200ರಂತೆ ನಾಲ್ಕು ದಿನಕ್ಕೆ 4,800. ಒಟ್ಟು 20,400 ಆಗಬೇಕಾದ ಕಡೆ 15,600 ಕೈಗೆ ಬಂತು. ವರ್ಷಕ್ಕೆ 57,600 ರೂಪಾಯಿ ಹೋಯಿತು. ಅದೂ ದಿನಕ್ಕೆ ಎಂಟೇ ಗಂಟೆ ಎಂದು ಹಿಡಿದ ಲೆಕ್ಕ. ಗೇಟಿನಲ್ಲಿ ಕೂರುವವರ ಪಾಳಿ ಹೆಚ್ಚಾಗಿ 12 ಗಂಟೆ.

ಈ 26 ಬರೀ ಗುಮಾಸ್ತರ ರೂಢಿಯಲ್ಲ. 1984ರಲ್ಲಿ ಜೀವನ್‌ಲಾಲ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗ್ರಾಚ್ಯುಟಿ ಲೆಕ್ಕಕ್ಕೆ ತಿಂಗಳ ಪಗಾರವನ್ನು 26ರಿಂದ ಭಾಗಿಸುವುದೇ ಸರಿ ಎಂದಿತು. ಆಮೇಲೆ ಗ್ರಾಚ್ಯುಟಿ ಕಾಯ್ದೆಗೂ ಅದು ಸೇರಿಕೊಂಡಿತು. ಇದರ ಜೊತೆಗೆ ಇನ್ನೊಂದು ತೀರ್ಪು ಗೊತ್ತಿರಬೇಕು. ವರ್ಷಕ್ಕೆ 240 ದಿನ ಕೆಲಸ ಮಾಡಿದವರಿಗೆ ಸುಮ್ನೆ ಕೆಲಸದಿಂದ ತೆಗೆಯದಂತೆ ಒಂದಿಷ್ಟು ರಕ್ಷಣೆ ಸಿಗುತ್ತದೆ. "ಸೂಟಿ ಮಾಡಿದರೆ 240 ತುಂಬೋದಿಲ್ಲ" ಎಂದು ಹೆದರಿಸುವವರಿದ್ದಾರೆ. 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಗೆಹರಿಸಿದೆ. ಪಗಾರ ಸಿಗುವ ರವಿವಾರ ಮತ್ತು ಇತರ ಸೂಟಿಗಳೂ ಆ 240ರ ಲೆಕ್ಕಕ್ಕೆ ಬರುತ್ತವೆ.

ಹಬ್ಬದ ಸೂಟಿಯನ್ನು ವಾರದ ಸೂಟಿಯ ಜೊತೆ ಕಲಸುವುದು ಇನ್ನೊಂದು ಚಾಳಿ. "ನಾಗರ ಪಂಚಮಿಗೆ ಕೊಟ್ಟೀವಲ್ಲ, ಈ ವಾರ ಇಲ್ಲ" ಅನ್ನುವ ಹಾಗಿಲ್ಲ. ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳಿಗೆ ರಾಜ್ಯದ 1963ರ ಕಾಯ್ದೆ ಬೇರೆಯೇ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಐದು ಹಬ್ಬಗಳು, ಎಲ್ಲಕ್ಕೂ ಪಗಾರ ಇದೆ. ದುಡಿದು ಗಳಿಸುವ ವಾರ್ಷಿಕ ರಜೆಯೂ ಬೇರೆ. ಹೊಸ ಸಂಹಿತೆಯಲ್ಲಿ 180 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನಕ್ಕೆ ಒಂದರಂತೆ ಅದು ಸಿಗುತ್ತದೆ. ಮೊದಲು 240 ದಿನ ಬೇಕಿತ್ತು. ಇದು ಹೊಸದರಲ್ಲಿ ನಿಜಕ್ಕೂ ಸುಧಾರಿಸಿದ ಭಾಗ.

ಯಾರಿಗೆಲ್ಲ ಇದು ಸಿಗುವುದಿಲ್ಲ? ಅಂಗಡಿ ಕಾಯ್ದೆಯಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಯವರು ಹೊರಗೆ. ಸುರಕ್ಷತಾ ಸಂಹಿತೆಯಲ್ಲಿ ಆಡಳಿತದ ಹುದ್ದೆಯವರು, ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಗಾರದ ಸೂಪರ್‌ವೈಸರ್‌ಗಳು ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ "ರವಿವಾರ ಬಂದ್ಬಿಡ್ರಿ" ಅನ್ನುವ ಆ ಸೂಪರ್‌ವೈಸರ್‌ಗೇ ಕೆಲವೊಮ್ಮೆ ಸೂಟಿಯ ಹಕ್ಕು ಇರುವುದಿಲ್ಲ. ಮನೆಗೆಲಸದವರ ಪಾಡಂತೂ ಕೇಳುವುದೇ ಬೇಡ. ಬ್ಯಾಡಗಿಯಲ್ಲಿ ಕಿಲೋ ಲೆಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಸೂಟಿ ಅಂದರೆ ಕೂಲಿ ಇಲ್ಲದ ದಿನ, ಅಷ್ಟೇ.

ಕೇಳುವುದಾದರೆ

ಮೊದಲು ನಿಮ್ಮದೇ ಒಂದು ಲೆಕ್ಕ ಇಡಿ. ಪಾಳಿಗೆ ಬಂದ ಹೊತ್ತು, ಹೋದ ಹೊತ್ತು, ರವಿವಾರ ಕರೆದವರು ಯಾರು, ಇಷ್ಟು ಒಂದು ಸಣ್ಣ ಪುಸ್ತಕದಲ್ಲಿ ದಿನಾ ಬರೆದರೆ ಸಾಕು. ಡ್ಯೂಟಿ ಹಾಕಿದ ವಾಟ್ಸ್‌ಆ್ಯಪ್ ಮೆಸೇಜ್ ಅಳಿಸಬೇಡಿ. ತಪಾಸಣೆಗೆ ತೋರಿಸುವ ಹಾಜರಿ ಪುಸ್ತಕದಲ್ಲಿ ಪ್ರತಿ ರವಿವಾರ ಸೂಟಿ ಅಂತ ಬರೆದು, ನಿಜವಾದ ಹಾಜರಿಯನ್ನು ಬೇರೆ ನೋಟ್‌ಬುಕ್ಕಿನಲ್ಲಿ ಇಡುವ ಕಡೆಗಳೂ ಇವೆ. ಅಲ್ಲಿ ನಿಮ್ಮ ಪುಸ್ತಕ, ಮೆಸೇಜು, ಬ್ಯಾಂಕಿಗೆ ಬಂದ ಪಗಾರದ ವಿವರ ಇವೇ ಸಾಕ್ಷಿ. ಹೊಸ ಸಂಹಿತೆಯಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಇನ್ನೂ ಕೊಟ್ಟಿಲ್ಲದಿದ್ದರೆ ಅದನ್ನೇ ಮೊದಲು ಕೇಳಿ, ಅದೇನು ಜಗಳದ ಮಾತಲ್ಲ.

ಅಂಗಡಿ, ಹೋಟೆಲ್, ಸೆಕ್ಯುರಿಟಿ ಏಜೆನ್ಸಿಯವರ ದೂರು ಕಾರ್ಮಿಕ ಇಲಾಖೆಗೆ ಹೋಗಬೇಕು, ಪ್ರತಿ ಜಿಲ್ಲೆಯಲ್ಲೂ ಕಾರ್ಮಿಕ ಅಧಿಕಾರಿಯ ಕಚೇರಿ ಇದೆ. ಫ್ಯಾಕ್ಟರಿಯದ್ದಾದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸಹಿ ಹಾಕಿ ಕೊಟ್ಟರೆ ಯಾರ ಮೇಲೂ ಸಿಟ್ಟು ತೀರಿಸಿಕೊಳ್ಳಲು ಅಷ್ಟು ಸುಲಭವಾಗುವುದಿಲ್ಲ. ಸುರಕ್ಷತಾ ಸಂಹಿತೆ ಮೀರಿದ್ದಕ್ಕೆ ಬೇರೆ ನಿರ್ದಿಷ್ಟ ಶಿಕ್ಷೆ ಹೇಳಿಲ್ಲದ ಕಡೆ ದಂಡ 2 ಲಕ್ಷದಿಂದ 3 ಲಕ್ಷ ರೂಪಾಯಿ. ಆ ದುಡ್ಡು ನಿಮಗೆ ಬರುವುದಿಲ್ಲ. ನಿಮಗೆ ಬರಬೇಕಾದ ಬಾಕಿ ಪಗಾರಕ್ಕೆ ವೇತನ ಸಂಹಿತೆಯಡಿ ಪ್ರತ್ಯೇಕ ಅರ್ಜಿ ಹಾಕಬೇಕು. ಹಿಂದೆ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಕೇಳಬೇಕಿತ್ತು, ಈಗ ಮೂರು ವರ್ಷದ ತನಕ ಅವಕಾಶ ಇದೆ. ಅರ್ಜಿಯಲ್ಲಿ "ತುಂಬಾ ದಿನ ದುಡಿಸಿದರು" ಅಂತ ಬರೆಯಬೇಡಿ. ಯಾವ ಯಾವ ತಾರೀಖಿನ ಸೂಟಿ ತಪ್ಪಿತು, ಅವತ್ತು ಎಷ್ಟು ಗಂಟೆ ಕೆಲಸ, ಪಗಾರವನ್ನು 26ರಿಂದ ಭಾಗಿಸಿದರೆ ದುಪ್ಪಟ್ಟು ದರದಲ್ಲಿ ಎಷ್ಟಾಗುತ್ತದೆ ಅನ್ನುವುದನ್ನು ಸಾಲು ಸಾಲಾಗಿ ಬರೆಯಿರಿ.